ಬಿಳಿಯ ಮೇಲೆ ಬಿಳಿ

ಮನುಷ್ಯನ ನಿಜವಾದ ಕಣ್ಣು ಇರುವುದು ಮುಖದಲ್ಲಲ್ಲ, ಹಿಂದಲೆಯಲ್ಲಿ ಎಂದು ನನಗೆ ಹೇಳಿದವಳು ಆರೋಗ್ಯ ಕೇಂದ್ರದಲ್ಲಿ ಕಣ್ಣು ಅಳೆಯುವ ರೇಷ್ಮಾ ನದಾಫ. ಮುಖದ ಮೇಲಿರುವುದು ಬರೀ ಕಿಟಕಿಯಂತೆ. ನೋಡುವವಳು ಒಳಮನೆಯಲ್ಲಿ, ತುರುಬು ಕಟ್ಟುವ ಜಾಗದ ಹಿಂದೆ, ಕತ್ತಲಲ್ಲಿ ಕೂತಿರುತ್ತಾಳಂತೆ. ಹಾಗಾದರೆ ಇಷ್ಟು ವರ್ಷ ನಾನು ಕಾಡಿಗೆ ಹಚ್ಚಿದ್ದು ತಪ್ಪು ಜಾಗಕ್ಕೆ ಎಂದೆ. ಆ ಹುಡುಗಿ ನಗಲಿಲ್ಲ. ನನ್ನ ಕೂದಲು ಬಗೆದು ಹತ್ತಿಯಿಂದ ನೆತ್ತಿ ಒರೆಸುತ್ತಿದ್ದಳು.

"ತಲಿಗೆ ಎಷ್ಟ ಎಣ್ಣಿ ಹಾಕೀರಿ ಆಯಿ. ತಂತಿ ಹಿಡಿಯವಲ್ದು."

"ನಿಮ್ಮ ಟೊಪ್ಪಿಗಿ ಹಾಕ್ಕೊಳ್ಳಾಕಂತ ತಿಂಗಳ ಎಣ್ಣಿ ಇವತ್ತ ಒಂದ ದಿನಕ್ಕ ಸುರುವೀನವ್ವ. ಸಿಂಗಾರ ಬ್ಯಾಡೇನು?"

ಅದು ರಬ್ಬರಿನ ಟೊಪ್ಪಿಗೆ. ಅದರ ತುಂಬ ಗುಂಡಿಯಂಥ ಬಿಲ್ಲೆಗಳು, ಒಂದೊಂದು ಬಿಲ್ಲೆಗೂ ಒಂದೊಂದು ತಂತಿ. ಬಿಲ್ಲೆಯ ಕೆಳಗೆ ತಣ್ಣನೆಯ ಅಂಟು ಹಚ್ಚಿ ಬೆರಳಿನಿಂದ ಒತ್ತುತ್ತಾಳೆ. ಮದುವೆಯಲ್ಲಿ ಬಾಸಿಂಗ ಕಟ್ಟಿದ ಮೇಲೆ ನನ್ನ ತಲೆಗೆ ಯಾರೂ ಅಷ್ಟು ಹೊತ್ತು ಕೈ ಹಚ್ಚಿರಲಿಲ್ಲ. ಇನ್ನೊಂದು ನೂರು ಬಿಲ್ಲೆ ಇದ್ದರೂ ಕೂತಿರುತ್ತಿದ್ದೆ.

ಅದು ಒಂಟಿ ಬಾಳಿನ ಕಾಯಿದೆ ಬಂದ ಕಾಲ. ಮನೆಗೊಬ್ಬರೇ ಉಳಿದ ಮುದುಕ ಮುದುಕಿಯರು ನಾಡಿನಲ್ಲಿ ಇರುವೆಗಿಂತ ಹೆಚ್ಚಾಗಿದ್ದರು. ಒಬ್ಬರು ಮೆಟ್ಟಿಲು ಕಾಣದೆ ಬೀಳುವುದು, ಒಬ್ಬರು ಒಲೆಗೆ ಸೆರಗು ಕೊಡುವುದು. ಎಪ್ಪತ್ತು ದಾಟಿ ಒಂಟಿಯಾಗಿರುವವರು ಕಣ್ಣು ಅಳೆಸಿಕೊಳ್ಳಬೇಕು, ಗೆರೆಯ ಮೇಲಿದ್ದರೆ ಮನೆಯಲ್ಲೇ ಇರಬಹುದು, ಗೆರೆಯ ಕೆಳಗಿಳಿದರೆ ಜಿಲ್ಲಾ ಊರಿನ ಆಸರೆ ಮನೆಗೆ ಹೋಗಬೇಕು ಎಂದು ಸರಕಾರ ಹೇಳಿತು. ಮೊದಮೊದಲು ಗೋಡೆಗೆ ಒಂದು ಹಾಳೆ ತೂಗುಹಾಕುತ್ತಿದ್ದರು. ಮೂರು ಕಾಲಿನ ಒಂದು ಅಕ್ಷರ, ಅದರ ಕಾಲು ಯಾವ ಕಡೆಗಿದೆ ಎಂದು ಕೈಯಿಂದ ತೋರಿಸಬೇಕು. ಹಾಳೆ ಎಂದೂ ಬದಲಾಗಲಿಲ್ಲ. ನಮ್ಮ ಓಣಿಯ ಮುದುಕಿಯರೆಲ್ಲ ಅದನ್ನು ಬಾಯಿಪಾಠ ಮಾಡಿ, ಗೋಡೆಯೇ ಕಾಣದವರೂ ಸೈ ಅನ್ನಿಸಿಕೊಂಡು ಬಂದರು. ಆ ವರ್ಷ ಇಡೀ ರಾಜ್ಯದಲ್ಲಿ ನಮ್ಮ ಭಟ್ಟಿ ಓಣಿಯಷ್ಟು ಚುರುಕು ಕಣ್ಣು ಇನ್ನೆಲ್ಲೂ ಇರಲಿಲ್ಲ. ಅದಕ್ಕೇ ಈ ಟೊಪ್ಪಿಗೆ ಬಂತು. ಇದು ಬಾಯಿಯನ್ನು ಕೇಳುವುದಿಲ್ಲ, ಸೀದಾ ಒಳಗೆ ಕೂತವಳನ್ನು ಕೇಳುತ್ತದೆ.

ರೇಷ್ಮಾ ದೀಪ ಸಣ್ಣದು ಮಾಡಿ ಪರದೆ ಹಚ್ಚಿದಳು. ಜಮಖಾನೆಯ ಹಾಗೆ ಕರಿ ಬಿಳಿ ಪಟ್ಟೆ. ಕರಿ ಇದ್ದಲ್ಲಿ ಬಿಳಿ, ಬಿಳಿ ಇದ್ದಲ್ಲಿ ಕರಿ, ಪಟಪಟ ಪಟಪಟ ಅದಲುಬದಲಾಗುತ್ತಿತ್ತು. ಪಟ್ಟೆ ಕಂಡರೆ ಹಿಂದಲೆಯಲ್ಲಿ ಅದೇ ತಾಳಕ್ಕೆ ಸಣ್ಣದೊಂದು ವಿದ್ಯುತ್ತಿನ ಅಲೆ ಏಳುತ್ತದೆ, ಅದನ್ನು ಟೊಪ್ಪಿಗೆ ಹಿಡಿಯುತ್ತದೆ. ನಿಧಾನಕ್ಕೆ ಕರಿ ಒಂದಿಷ್ಟು ಬೂದಿಬಣ್ಣವಾಗುತ್ತದೆ, ಬಿಳಿಯೂ ಒಂದಿಷ್ಟು ಬೂದಿಯಾಗುತ್ತದೆ. ಎರಡೂ ಹತ್ತಿರ ಹತ್ತಿರ ಬಂದು ಕೊನೆಗೆ ಒಂದೇ ಆಗುತ್ತವೆ. ಅಲೆ ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ನಿಮ್ಮ ಕಣ್ಣು ಮುಗಿಯಿತು.

"ಅಕ್ಷರ ಓದಾಕ ಬಂದ್ರ ಕಣ್ಣೈತಿ ಅಂತಲ್ಲ ಆಯಿ," ಎಂದಳು. "ಹಾಳಿ ಬಿಳೀ, ಅಕ್ಷರ ಕರೀ. ಬದುಕು ಹಂಗ ಇರಂಗಿಲ್ಲಲ್ಲ. ಮೆಟ್ಟಲ ಅಂಚು, ಬಟ್ಟಲದಾಗಿನ ಹಾಲು, ಸಂಜಿ ಮುಂದ ಎದುರ ಬರೂ ಮನಿಷಾ. ಎಲ್ಲಾ ಬೂದಿ ಮ್ಯಾಲ ಬೂದಿ. ಅದ ಎಷ್ಟ ಕಾಣತೈತಿ ಅಂತ ಇದು ಹೇಳತೈತಿ."

"ನಮ್ಮ ಊರಾಗ ಬಿಳಿ ಮ್ಯಾಲ ಬಿಳಿ," ಎಂದೆ.

ನಾನು ಯಾವಾಗಲೂ ಹೆಚ್ಚಿಸಿ ಹೇಳುತ್ತೇನೆ ಎಂದು ಜನ ಅನ್ನುತ್ತಾರೆ. ಇದೊಂದನ್ನು ಮಾತ್ರ ಹೆಚ್ಚಿಸಿ ಹೇಳಿಲ್ಲ. ನಮ್ಮದು ಸುಣ್ಣದ ಭಟ್ಟಿಯ ಓಣಿ. ಗೋಡೆ ಬಿಳಿ, ದಾರಿ ಬಿಳಿ, ಬೇವಿನ ಎಲೆ ಬಿಳಿ. ಕಾಗೆ ಬಂದು ಕೂತು ನಾಲ್ಕು ದಿನವಿದ್ದರೆ ಕೊಕ್ಕರೆಯಾಗಿ ಹಾರಿಹೋಗುತ್ತದೆ. ಭಟ್ಟಿಗಳು ಆರಿ ಎಷ್ಟೋ ಕಾಲವಾಯಿತು. ಧೂಳು ಮಾತ್ರ ಇನ್ನೂ ಇಳಿಯುತ್ತಲೇ ಇದೆ. ಕಲ್ಲು ತೆಗೆದ ಖಣಿಯಲ್ಲಿ ನೀರು ನಿಂತು ಕೆರೆಯಾಗಿದೆ. ಆ ನೀರೂ ಬಿಳಿ. ಅದಕ್ಕೆ ಹಾಲ್ಗುಂಡಿ ಎನ್ನುತ್ತೇವೆ. ಈ ದಂಡೆಯಲ್ಲಿ ನನ್ನ ಮನೆ. ಆ ದಂಡೆಯಲ್ಲಿ ಫಕೀರವ್ವನ ಮನೆ.

ನಾನು ಮತ್ತು ಫಕೀರವ್ವ ಜರಡಿ ಮನೆಯಲ್ಲಿ ಎದುರುಬದುರು ನಿಂತು ಸುಣ್ಣ ಸೋಸಿದವರು. ಧೂಳು ಒಳಗೆ ಹೋಗಬಾರದೆಂದು ಬಾಯಿ ಮೂಗಿಗೆ ಬಟ್ಟೆ ಬಿಗಿಯುತ್ತಿದ್ದೆವು. ಬಟ್ಟೆ ಬಿಗಿದ ಮೇಲೆ ಮಾತಿಲ್ಲ, ಹಾಡಿಲ್ಲ. ಜರಡಿಯ ತಾಳ ತಪ್ಪಬಾರದಲ್ಲ, ಅದನ್ನು ಬಟ್ಟೆಯ ಒಳಗೆ ನಾಲಿಗೆಯಿಂದಲೇ ಹಿಡಿಯುತ್ತಿದ್ದೆವು. ಮಾತನ್ನು ಕೈಗೆ ಕೊಟ್ಟಿದ್ದೆವು. ಬೆರಳು ಬಾಯಿಗೆ ತಂದು ಅಂಗೈ ಮೇಲೆ ಮಾಡಿದರೆ ಊಟವಾಯಿತೇ ಎಂದು. ಹೊಟ್ಟೆ ಸವರಿಕೊಂಡರೆ ಆಯಿತು ಎಂದು. ನೆತ್ತಿಯ ಮೇಲೆ ಕೈ ತಿರುಗಿಸಿದರೆ ಕೆಲಸ ಮಾಡಿಸುವ ಮುಕಾದಮನಿಗೆ ಹುಚ್ಚು ಹಿಡಿದಿದೆ ಎಂದು. ಆ ಮೂರು ಮಾತಿನಲ್ಲಿ ನಾವು ಇಡೀ ರಾಮಾಯಣ ಮಹಾಭಾರತ ಮುಗಿಸಿದ್ದೇವೆ.

ನನ್ನ ಗಂಡ ಪರಸಪ್ಪ ಹೋದ, ಅವಳ ಗಂಡ ಹೋದ. ಭಟ್ಟಿಯವರೆಲ್ಲ ಚೆದುರಿದರು. ಕೈಮಾತು ಬಲ್ಲವರು ಈ ಭೂಮಿಯ ಮೇಲೆ ನಾವಿಬ್ಬರೇ ಉಳಿದೆವು. ಮೊದಲು ಏರಿಯ ಮೇಲೆ ನಡೆದು ಅವಳಲ್ಲಿಗೆ ಹೋಗುತ್ತಿದ್ದೆ. ಏರಿ ಒಡೆಯಿತು. ರಸ್ತೆಯಲ್ಲಿ ಸುತ್ತಿ ಹೋಗಲು ಕಾಶಿಗೆ ಹೋದಷ್ಟು ದಾರಿ, ನನ್ನ ಮೊಣಕಾಲು ಕೇಳುವುದಿಲ್ಲ. ಫೋನಿನಲ್ಲಿ ಅವಳ ಕಿವಿ ಕೇಳುವುದಿಲ್ಲ, ಕಲ್ಲು ಪುಡಿ ಮಾಡುವ ಯಂತ್ರ ಅದನ್ನು ಎಂದೋ ತಿಂದುಹಾಕಿದೆ. ಉಳಿದದ್ದು ಸಂಜೆಯ ಸೈರನ್. ಹೊಸ ಸಿಮೆಂಟು ಕಾರ್ಖಾನೆಯ ಪಾಳಿ ಬದಲಾಗುವಾಗ ಅದು ಕೂಗುತ್ತದೆ, ಸತ್ತವರೂ ಎದ್ದು ಕೂರುವ ಹಾಗೆ ಕೂಗುತ್ತದೆ. ಆಗ ನಾನು ನನ್ನ ಬಾಗಿಲಿಗೆ ಬರುತ್ತೇನೆ. ಅವಳು ಅವಳ ಬಾಗಿಲಿಗೆ ಬರುತ್ತಾಳೆ. ಊಟವಾಯಿತೇ ಎಂದು ಕೇಳುತ್ತೇನೆ. ಆಯಿತು ಅನ್ನುತ್ತಾಳೆ. ಮುಕಾದಮನನ್ನು ಇಬ್ಬರೂ ಬಯ್ಯುತ್ತೇವೆ. ಅವನು ಸತ್ತು ಅವನ ಸಮಾಧಿಯೂ ಸವೆದಿದೆ, ಆದರೂ ಬಯ್ಯುತ್ತೇವೆ. ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರೆ ಮರುದಿನ ಸಂಜೆಯವರೆಗೆ ನನಗೆ ಬೇರೆ ಮನುಷ್ಯರಿಲ್ಲ.

ಆಸರೆ ಮನೆಗೆ ಹೋದರೆ ಹೊತ್ತಿಗೆ ಸರಿಯಾಗಿ ಅನ್ನ ಬರುತ್ತದೆ, ಮೆತ್ತನೆಯ ಹಾಸಿಗೆ ಇರುತ್ತದೆ ಎಂದು ಎಲ್ಲರೂ ಹೇಳಿದರು. ಇರಬಹುದು. ಅಲ್ಲಿ ನನ್ನ ಕೈ ಯಾರಿಗೆ ಅರ್ಥವಾಗಬೇಕು?

ಒಂದು ಸಂಶಯ ಮಾತ್ರ ನನ್ನ ಹೊಟ್ಟೆಯಲ್ಲಿತ್ತು. ಇತ್ತೀಚೆಗೆ ಆ ದಂಡೆ ನನಗೆ ಹಾಲಿನ ಮೇಲೆ ಹಾಲು ಸುರಿದಂತೆ ಕಾಣುತ್ತಿತ್ತು. ಬಿಳಿ ಗೋಡೆ, ಅದರ ಮುಂದೆ ಬಿಳಿ ಸೀರೆಯ ಮುದುಕಿ. ಏನೋ ಅಲ್ಲಾಡಿತು ಎನ್ನಿಸುತ್ತಿತ್ತು. ಅಲ್ಲಾಡಿತೋ, ಅಲ್ಲಾಡಲಿ ಎಂದು ನಾನು ಕಾಯುತ್ತಿದ್ದೆನೋ ತಿಳಿಯುತ್ತಿರಲಿಲ್ಲ.

ಹೀಗೆ ಟೊಪ್ಪಿಗೆ ಹಾಕಿಕೊಂಡು ಕೂತೆ. ಪಟಪಟ ಪಟಪಟ. ಜರಡಿ ಮನೆಯಲ್ಲಿ ನಿಂತ ಹಾಗೇ ಇತ್ತು. ನೋಡುತ್ತ ನೋಡುತ್ತ ಪಟ್ಟೆ ಮಸುಕಾಯಿತು, ಆಮೇಲೆ ಬರೀ ಬೂದಿ ಕಂಡಿತು. ನನ್ನ ಕಥೆ ಮುಗಿಯಿತು, ಗಂಟು ಕಟ್ಟುವುದೊಂದೇ ಬಾಕಿ ಎಂದುಕೊಂಡು ಸುಮ್ಮನೆ ಕೂತಿದ್ದೆ. ರೇಷ್ಮಾ ಮಾತ್ರ ತನ್ನ ಯಂತ್ರದ ಮುಂದೆ ಬಾಯಿ ತೆರೆದು ನಿಂತಿದ್ದಳು.

"ಆಯಿ, ನಿಮಗ ಇನ್ನೂ ಪಟ್ಟಿ ಕಾಣತಾವನ?"

"ಯಾಕ?"

"ಎಳೇ ಹುಡುಗರಿಗೂ ಇಷ್ಟ ಮಸುಕ ಕಾಣಂಗಿಲ್ಲ. ನಿಮ್ಮ ತಲಿ ಇನ್ನೂ ಕಾಣತೈತಿ ಅಂತ ಹೇಳಾಕತ್ತೈತಿ."

ನನಗೆ ಕಾಣುತ್ತಿಲ್ಲ ಎಂದು ಬಾಯಿಯವರೆಗೆ ಬಂತು. ಬಾಯಿಯನ್ನು ಯಾರು ಕೇಳಿದರು? ಒಳಗೆ ಕೂತವಳನ್ನು ಕೇಳಿದರು. ಅವಳು ಕಾಣುತ್ತದೆ ಅಂದಳು. ಅವಳು ನನಗೆ ಹೇಳದೆ ನೋಡುತ್ತಿರಬಹುದು ಎಂದುಕೊಂಡೆ. ಹಾಗಿದ್ದರೆ ಸಂಜೆ ಆ ದಂಡೆಯಲ್ಲಿ ಅಲ್ಲಾಡುವುದು ಫಕೀರವ್ವನ ಕೈಯೇ. ನನ್ನ ಎದೆಯ ಮೇಲಿಂದ ಒಂದು ಗಾಡಿ ಸುಣ್ಣದಕಲ್ಲು ಇಳಿದ ಹಾಗಾಯಿತು.

ನಗರದ ದೊಡ್ಡ ಡಾಕ್ಟರು ಬಂದು ನೋಡುತ್ತಾರೆ, ಅಲ್ಲಿಯವರೆಗೆ ಮನೆಯಲ್ಲೇ ಇರಿ ಎಂದು ರೇಷ್ಮಾ ಕಳಿಸಿದಳು. ನಾನು ಓಣಿ ಸೇರುವ ಮೊದಲೇ ಸುದ್ದಿ ಸೇರಿತ್ತು. ಅಲ್ಲಿಂದ ಮುಂದೆ ನನ್ನ ಮನೆ ಜಾತ್ರೆ. ಸೂಜಿಗೆ ದಾರ ಏರಿಸಿಕೊಡು ಎಂದು ಒಬ್ಬಳು ಬಂದಳು. ಕಣ್ಣಿಗೆ ದಾರ ಕಾಣದಿದ್ದರೂ ನಾನು ಎಂಜಲು ಹಚ್ಚಿ ಬೆರಳ ತುದಿಯಲ್ಲೇ ಏರಿಸುತ್ತೇನೆ, ಅದು ಅವಳಿಗೆ ಗೊತ್ತಿಲ್ಲ. ಅಕ್ಕಿಯಲ್ಲಿ ಕಲ್ಲು ನೋಡು ಎಂದು ಇನ್ನೊಬ್ಬಳು. ಮೂಲೆಯ ಅಂಗಡಿಯ ಸಾಬವ್ವ ಬಾಗಿಲಲ್ಲಿ ನಿಂತು ಕೆಣಕಿದಳು.

"ಯಮನವ್ವ, ಹಾಲ್ಗುಂಡಿ ಆ ದಂಡ್ಯಾಗ ಈಗ ಏನ ನಡದೈತಿ ಹೇಳ ನೋಡೂನು."

"ಇರಬಿ ಸಾಲ ಹೊಂಟೈತಿ. ಮೂರನೇ ಇರಬಿ ಸೋಂಬೇರಿ ಐತಿ, ಹೊರಿ ಹಿಂದಿಂದರ ಮ್ಯಾಲ ಹಾಕಾಕತ್ತೈತಿ. ನಿನ್ನ ಗಂಡನ ಹಂಗ."

"ನಿನ್ನ ಬಾಯಾಗ ಹುಳ ಬೀಳ್ಲಿ," ಎಂದು ನಕ್ಕು ಹೋದಳು. ಅವಳು ಹೋದ ಮೇಲೆ ಮನೆ ಎಂದಿಗಿಂತ ದೊಡ್ಡದಾಯಿತು.

ಆ ಸಂಜೆಗಳಲ್ಲಿ ನಾನು ಹುರುಪಿನಿಂದ ಕೈ ಮಾಡಿದೆ. ಇದ್ದ ಮೂರು ಮಾತಿಗೆ ಇನ್ನಷ್ಟು ಹಳೆಯದನ್ನು ಹುಡುಕಿ ತಂದು ಸೇರಿಸಿದೆ. ನಗರದಿಂದ ಡಾಕ್ಟರು ನನ್ನನ್ನು ನೋಡಲು ಬರುತ್ತಿದ್ದಾರೆ ಎಂಬುದನ್ನು ಕೈಯಲ್ಲಿ ಹೇಳಲು ಹೋಗಿ, ಮದುವೆ ಗಂಡು ಬರುತ್ತಿದ್ದಾನೆ ಎಂದು ಆಗಿರಬೇಕು. ಅವಳು ನಕ್ಕ ಹಾಗೆ ಕಂಡಿತು. ನನಗೆ ಕಂಡಿತು, ಯಾಕೆಂದರೆ ಯಂತ್ರ ಹೇಳಿತ್ತಲ್ಲ.

ಡಾಕ್ಟರು ಬರುವ ಮುಂಚಿನ ದಿನ ರೇಷ್ಮಾ ಮತ್ತೆ ಕರೆಸಿದಳು. ಅವರು ಬರುವ ಮೊದಲು ತಾನೊಮ್ಮೆ ಖಾತ್ರಿ ಮಾಡಿಕೊಳ್ಳಬೇಕು ಎಂದಳು. ಆರೋಗ್ಯ ಕೇಂದ್ರದ ಆ ಕೋಣೆಯಲ್ಲಿ ನಾವಿಬ್ಬರೇ. ಟೊಪ್ಪಿಗೆ ಹಾಕಿದಳು, ಪಟ್ಟೆ ಹಚ್ಚಿದಳು. ಮತ್ತೆ ಪಟಪಟ, ಮತ್ತೆ ಮಸುಕು, ಮತ್ತೆ ಬೂದಿ. ಯಂತ್ರದ ಗೆರೆ ಕುಣಿಯುತ್ತಲೇ ಇತ್ತಂತೆ.

"ಆಯಿ, ಈಗ ಪರದಿ ಮ್ಯಾಲ ಪಟ್ಟಿನ ಇಲ್ಲ. ತಗದಬಿಟ್ಟೀನಿ. ಬರೇ ಬೂದಿ."

"ಹೌದನ?"

ಎದ್ದು ಬಂದು ನನ್ನ ಕಣ್ಣಿಗೆ ಬಟ್ಟೆ ಕಟ್ಟಿದಳು. ಮತ್ತೆ ಯಂತ್ರದ ಹತ್ತಿರ ಹೋದಳು. ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

"ಕಣ್ಣ ಕಟ್ಟಿದ್ರೂ ಪಟ್ಟಿ ಕಾಣಾಕತ್ತಾವು ನಿಮಗ."

"ಹಂಗಾರ ಮೈಯಾಗ ದೇವಿ ಬಂದಾಳ. ಕಾಯಿ ಕರ್ಪೂರ ತರಸು. ಇನ್ ಮ್ಯಾಲ ನಿಂದೂ ಉದ್ಯೋಗ ಹೋತು, ಪೂಜಾರಿಕಿ ಮಾಡ್ಕೊಂಡಿರು."

ಈ ಸಲವೂ ನಗಲಿಲ್ಲ. ಹತ್ತಿರ ಬಂದು ನನ್ನ ಗಲ್ಲ ಹಿಡಿದು ನಿಂತಳು.

"ಆಯಿ, ಬಾಯಾಗ ಏನೈತಿ?"

"ನಾಲಿಗಿ. ಹಲ್ಲ ಹೋಗ್ಯಾವು, ಅದೊಂದ ಉಳದೈತಿ."

"ಅದನ್ಯಾಕ ಹಂಗ ಬಡಿಯಾಕತ್ತೀರಿ?"

"ನಾ ಎಲ್ಲಿ ಬಡಿಯಾಕತ್ತೀನಿ?"

ಹಾಗೆ ಅಂದ ಮೇಲೆ ನಾನೂ ಕೇಳಿಸಿಕೊಂಡೆ. ಮುಚ್ಚಿದ ಬಾಯಿಯ ಒಳಗೆ ನಾಲಿಗೆ ತಾನೇ ತಾನಾಗಿ ಅಂಗುಳಕ್ಕೆ ಬಡಿಯುತ್ತಿತ್ತು. ಜರಡಿಯ ತಾಳ. ಪಟ್ಟೆ ಕುಣಿದದ್ದು ಕಂಡ ಕೂಡಲೇ ಹಿಡಿದುಕೊಂಡಿದೆ, ಪಟ್ಟೆ ಹೋದರೂ ಬಿಟ್ಟಿಲ್ಲ. ಜರಡಿ ಮನೆಯಲ್ಲಿ ಯಾರಾದರೂ ನಿಲ್ಲಿಸು ಅನ್ನುವವರೆಗೆ ನಾವು ನಿಲ್ಲಿಸುತ್ತಿರಲಿಲ್ಲ. ನನಗೆ ಯಾರೂ ನಿಲ್ಲಿಸು ಅಂದಿರಲಿಲ್ಲ.

ನಾಲಿಗೆಯೂ ವಿದ್ಯುತ್ತು ಹುಟ್ಟಿಸುತ್ತದೆ, ಅದು ಅಲ್ಲಾಡಿದರೆ ತಲೆಯವರೆಗೂ ಹರಿಯುತ್ತದೆ, ಅದು ಪಟ್ಟೆಯ ತಾಳಕ್ಕೇ ಬಿದ್ದರೆ ಟೊಪ್ಪಿಗೆಗೆ ಯಾವುದು ಕಣ್ಣಿನದು ಯಾವುದು ನಾಲಿಗೆಯದು ಗೊತ್ತಾಗುವುದಿಲ್ಲ ಎಂದು ಅವಳು ಬಿಡಿಸಿ ಹೇಳಿದಳು. ಕಣ್ಣಿನ ಬಟ್ಟೆ ಬಿಚ್ಚಿ, ಗಂಟಲು ನೋಡುವ ಕಟ್ಟಿಗೆಯ ಪಟ್ಟಿಯನ್ನು ನನ್ನ ನಾಲಿಗೆಯ ಮೇಲೆ ಒತ್ತಿ ಹಿಡಿದು ಮತ್ತೆ ಅಳೆದಳು. ಅಷ್ಟು ವರ್ಷ ಮುಕಾದಮನಿಗೂ ಸಿಗದ ನಾಲಿಗೆ ಆ ಹುಡುಗಿಯ ಕೈಗೆ ಸಿಕ್ಕಿತು.

ಈ ಸಲ ಅಲೆ ಬೇಗ ನಿಂತಿತು. ಪಟ್ಟೆ ಅರ್ಧ ಮಸುಕಾಗುವ ಮೊದಲೇ ಒಳಗೆ ಕೂತವಳು ಬಾಗಿಲು ಹಾಕಿಕೊಂಡಿದ್ದಳು.

"ಇನ್ನೊಮ್ಮೆ ನೋಡೂನು," ಎಂದಳು ರೇಷ್ಮಾ. ದನಿ ಸಣ್ಣದಾಗಿತ್ತು. "ಮನಸಿಟ್ಟ ನೋಡಿದ್ರ ಅಲಿ ಸ್ವಲ್ಪ ಏಳತೈತಿ. ಯಾರೋ ನಿಮಗ ಬೇಕಾದವರು ಆ ಪಟ್ಟಿ ಹಿಂದ ನಿಂತಾರ ಅಂತ ತಿಳ್ಕೊಂಡ ನೋಡ್ರಿ."

ನೋಡಿದೆ. ಪರಸಪ್ಪನನ್ನು ನಿಲ್ಲಿಸಲಿಲ್ಲ, ಅವನು ಬದುಕಿದ್ದಾಗಲೂ ಕರೆದರೆ ಬರುತ್ತಿರಲಿಲ್ಲ. ಫಕೀರವ್ವನನ್ನು ನಿಲ್ಲಿಸಿ ನೋಡಿದೆ. ಅಲೆ ಎದ್ದಿತಂತೆ, ನಿಜ. ಗೆರೆಯವರೆಗೆ ಬರಲಿಲ್ಲ.

ಟೊಪ್ಪಿಗೆ ತೆಗೆದು ತಲೆಯ ಅಂಟನ್ನು ಬಿಸಿನೀರಿನ ಬಟ್ಟೆಯಿಂದ ಒರೆಸಿದಳು. ನಾನು ಅವಳ ಕೈ ಹಿಡಿದೆ.

"ಮೊದಲಿನ ಅಳತೀನ ಇರ್ಲಿ ಬಿಡವ್ವ. ನಾಳೆ ಡಾಕ್ಟರ ಮುಂದ ನಾ ಅಷ್ಟ ಚಂದ ನಾಲಿಗಿ ಬಡೀತೀನಿ, ಅವರೂ ಎದ್ದ ಕುಣೀತಾರ."

"ಹ್ವಾದ ವರ್ಷ ಒಬ್ಬ ಅಜ್ಜಾಗ ಪಾಪ ಅಂತ ಬಿಟ್ಟಿದ್ದೆ ಆಯಿ. ಗೆರಿಗಿಂತ ಬರೇ ಇಷ್ಟ ಕೆಳಗಿದ್ದಾ. ಗ್ಯಾಸ್ ಉರಿ ನೀಲಿ, ಹಿಂದಿನ ಗ್ವಾಡಿ ನೀಲಿ." ಅಷ್ಟು ಹೇಳಿ ನಿಲ್ಲಿಸಿದಳು. ಮುಂದೆ ನಾನೂ ಕೇಳಲಿಲ್ಲ. ಇವಳು ನಗದಿರುವುದು ಯಾಕೆಂದು ಆಗ ತಿಳಿಯಿತು.

ಒದ್ದೆ ಕೂದಲನ್ನು ತುರುಬು ಕಟ್ಟಿಕೊಂಡೆ. ಆಮೇಲೆ ಕೇಳಿದೆ.

"ಒಂದ ಮಾತ ಹೇಳು. ಬಿಳಿ ಗ್ವಾಡಿ ಮುಂದ ಬಿಳಿ ಸೀರಿ. ಹಾಲ್ಗುಂಡಿ ಈ ಕಡಿಯಿಂದ, ಸಂಜಿ ಮುಂದ. ನನಗ ಕಾಣತೈತನ?"

ಅವಳು ಎಲ್ಲಿ, ಯಾರು, ಎಷ್ಟು ದೂರ ಎಂದೆಲ್ಲ ಕೇಳಿದಳು. ಹೇಳಿದೆ. ಕಂಪ್ಯೂಟರಿನಲ್ಲಿ ಏನೋ ಲೆಕ್ಕ ಹಾಕಿದಳು.

"ಇಲ್ಲ ಆಯಿ."

"ಯಾವಾಗಿಂದ?"

"ಈ ನಡುವ ಹೋಗಿದ್ದಲ್ಲ ಇದು. ಭಾಳ ದಿನ ಆಗಿರಬೇಕು. ವರ್ಷಗಳ ಆಗಿರಬೇಕು."

ಹಾಗಾದರೆ ನಾನು ಯಾರ ಜೊತೆ ಮಾತಾಡುತ್ತಿದ್ದೆ? ಊಟವಾಯಿತು ಎಂದು ಯಾರು ಹೊಟ್ಟೆ ಸವರಿಕೊಳ್ಳುತ್ತಿದ್ದರು? ಆ ಮನೆಯಲ್ಲಿ ಫಕೀರವ್ವ ಇದ್ದಾಳೋ ಇಲ್ಲವೋ ಎಂಬುದೇ ನನಗೆ ಗೊತ್ತಿರಲಿಲ್ಲ. ಸತ್ತಿದ್ದರೆ ಅವಳ ಸೊಸೆ ಮಾಲಾ ಹೇಳಿ ಕಳಿಸುತ್ತಿದ್ದಳು ಎಂದುಕೊಂಡೆ. ಹೇಳಿ ಕಳಿಸಲು ನಾನು ಅವರಿಗೆ ಏನಾಗಬೇಕು? ಜರಡಿಯ ಎದುರು ನಿಂತವಳು. ಅದಕ್ಕೆ ಸಂಬಂಧದ ಹೆಸರಿಲ್ಲ.

"ನನ್ನ ಆ ದಂಡಿಗೆ ಕರಕೊಂಡ ಹೋಗ್ತಿಯೇನು?" ಎಂದೆ. "ಇವತ್ತ. ಆಮ್ಯಾಲ ನೀ ಎಲ್ಲಿಗೆ ಕಳಿಸಿದ್ರೂ ಹೋಗ್ತೀನಿ. ಅಮೆರಿಕಾಕ್ಕ ಕಳಿಸಿದ್ರೂ ಹೋಗ್ತೀನಿ."

ರೇಷ್ಮಾಳ ಸ್ಕೂಟರಿನ ಹಿಂದೆ ಅವಳ ಸೊಂಟ ಅಪ್ಪಿ ಕೂತು ಹೊರಟೆ. ದಾರಿಯಲ್ಲಿ ನೀ ಎಲ್ಲಿರುತ್ತೀ ಎಂದು ಕೇಳಿದೆ. ಕೇಂದ್ರದ ಹಿಂದಿನ ಕೋಣೆಯಲ್ಲಿ ಒಬ್ಬಳೇ ಎಂದಳು. ನಿನ್ನ ಕಣ್ಣು ಅಳೆಯುವವರು ಯಾರು ಎಂದೆ. ಅವಳು ಸ್ಕೂಟರಿನ ವೇಗ ಹೆಚ್ಚಿಸಿದಳು.

ನಾವು ಫಕೀರವ್ವನ ಅಂಗಳ ಸೇರಿದಾಗ ಬಿಸಿಲು ಇಳಿದಿತ್ತು. ಬಾಗಿಲು ತೆರೆದಿತ್ತು. ಸೊಸೆ ಪಾಳಿಯಿಂದ ಇನ್ನೂ ಬಂದಿರಲಿಲ್ಲ. ಗೋಡೆಗೆ ತೀರ ಹತ್ತಿರ ಹೋದ ಮೇಲೆ ಕಟ್ಟೆಯ ಮೇಲೆ ಒಂದು ಬಿಳಿ ಗಂಟು ಇದ್ದದ್ದು ಕಂಡಿತು. ಗಂಟು ಉಸಿರಾಡುತ್ತಿತ್ತು.

ಕರೆಯಬೇಕು ಅನ್ನುವಷ್ಟರಲ್ಲಿ ಸೈರನ್ ಕೂಗಿತು.

ಫಕೀರವ್ವ ಕಂಬ ಹಿಡಿದು ಎದ್ದಳು. ಸೆರಗು ಸರಿ ಮಾಡಿಕೊಂಡಳು, ತಲೆಗೂದಲು ನೇವರಿಸಿಕೊಂಡಳು, ಬೀಗರ ಮನೆಗೆ ಹೊರಟವಳ ಹಾಗೆ. ಅಂಗಳದ ಅಂಚಿಗೆ ಬಂದು ನಿಂತಳು. ನಾನು ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿದ್ದೆ. ಅವಳ ಮುಖ ನನ್ನ ಕಡೆಗೆ ತಿರುಗಿ, ನನ್ನ ಮೇಲೆ ಹಾದು, ಹಾಗೇ ಮುಂದೆ ಹೋಯಿತು. ಕಣ್ಣಿನ ಗೊಂಬೆಯೂ ಸುಣ್ಣದ ಬಣ್ಣಕ್ಕೆ ಬಂದಿತ್ತು. ನನ್ನ ಮನೆಯ ಕಡೆ ನೋಡಬೇಕಾದವಳು ಅದಕ್ಕೂ ಆಚೆಗಿನ ಹಳೆಯ ಭಟ್ಟಿಯ ಕಡೆ ಮುಖ ಮಾಡಿ ನಿಂತಳು.

ಬೆರಳು ಬಾಯಿಗೆ ತಂದು ಅಂಗೈ ಮೇಲೆ ಮಾಡಿದಳು. ಊಟ ಆತೇನು?

ನಿಂತಳು. ಉತ್ತರಕ್ಕೆ ನಾನು ಎಷ್ಟು ಹೊತ್ತು ಕಾಯುತ್ತಿದ್ದೆನೋ ಅಷ್ಟೇ ಹೊತ್ತು ನಿಂತಳು. ಆಮೇಲೆ ತಲೆಯಾಡಿಸಿ, ಸಮಾಧಾನದಿಂದ ತನ್ನ ಹೊಟ್ಟೆ ಸವರಿಕೊಂಡಳು. ನೆತ್ತಿಯ ಮೇಲೆ ಕೈ ತಿರುಗಿಸಿ ಮುಕಾದಮನನ್ನು ಬಯ್ದು, ಬಾಯಿಗೆ ಸೆರಗು ಮುಚ್ಚಿ ನಕ್ಕಳು. ಆ ದಂಡೆಯಿಂದ ನಾನು ಏನೋ ತಮಾಷೆ ಮಾಡಿದ್ದೆನೆಂದು ಕಾಣುತ್ತದೆ.

ಹಿಂದೆ ರೇಷ್ಮಾ ಮೂಗು ಎಳೆದುಕೊಂಡದ್ದು ಕೇಳಿಸಿತು. ಕೈಯಲ್ಲೇ ಸುಮ್ಮನಿರು ಎಂದೆ. ಆ ಕೈಮಾತು ಎಲ್ಲರಿಗೂ ತಿಳಿಯುತ್ತದೆ.

ಹತ್ತಿರ ಹೋಗಿ ಫಕೀರವ್ವನ ಮುಂಗೈ ಹಿಡಿದೆ. ಅದು ಬೆಚ್ಚಿತು. ಆಮೇಲೆ ನನ್ನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿತು. ಜರಡಿಯ ತಂತಿ ಕೊಯ್ದ ಹೆಬ್ಬೆರಳಿನ ಗಾಯದ ಹತ್ತಿರ ನಿಂತಿತು.

"ಯಮನಿ?"

"ಹೂಂ," ಎಂದು ಅವಳ ಕಿವಿಯಲ್ಲಿ ಕೂಗಿದೆ. "ನಿನ್ನ ಒಯ್ಯಾಕ ಬಂದೀನಿ."

ಅವಳು ಆ ದಂಡೆಯ ಕಡೆ ತಿರುಗಿದಳು, ಮತ್ತೆ ನನ್ನ ಕಡೆ ತಿರುಗಿದಳು. ಹುಬ್ಬು ಗಂಟಾಯಿತು.

"ಈಗರ ಅಲ್ಲೇ ನಿಂತಿದ್ದೆಲ್ಲ ನೀ. ಹೊಟ್ಟಿ ಸವರಕೊಂಡಿ, ನಾ ನೋಡೀನಿ. ಇಷ್ಟ ಲಗೂ ಹ್ಯಾಂಗ ಬಂದಿ?"

ನಾನು ಹುಟ್ಟಿದಾಗಿನಿಂದ ನೂರು ಸಾವಿರ ಸುಳ್ಳು ಹೇಳಿದ್ದೇನೆ, ಎಲ್ಲವೂ ನಗಿಸಲು. ಇದನ್ನು ಯಾವುದಕ್ಕೆ ಹೇಳಿದೆನೋ ಗೊತ್ತಿಲ್ಲ.

"ಓಡಿ ಬಂದೆ," ಎಂದೆ.

"ಈ ವಯಸ್ಸಿನಾಗ?"

"ನೀರ ಮ್ಯಾಲ ಓಡಿ ಬಂದೆ. ಪಾದ ಸುದ್ದ ತೊಯ್ದಿಲ್ಲ. ಬೇಕಾದ್ರ ಮುಟ್ಟಿ ನೋಡು."

ಅವಳು ನಿಜವಾಗಿಯೂ ಬಗ್ಗಿ ನನ್ನ ಪಾದ ಮುಟ್ಟಿ ನೋಡಿದಳು. ಒಣಗಿದ್ದವು. ಇಬ್ಬರೂ ಕಟ್ಟೆಯ ಮೇಲೆ ಕೂತು ಪಕ್ಕೆ ನೋಯುವಷ್ಟು ನಕ್ಕೆವು. ನಿನ್ನ ಕಣ್ಣು ಹೇಗಿದೆ ಎಂದು ನಾನು ಕೇಳಲಿಲ್ಲ. ನನ್ನದು ಹೇಗಿದೆ ಎಂದು ಅವಳೂ ಕೇಳಲಿಲ್ಲ. ಭಟ್ಟಿಯಲ್ಲಿ ಕಣ್ಣು ಮಂಜಾದವಳನ್ನು ಮರುದಿನದಿಂದ ಕೆಲಸಕ್ಕೆ ಕರೆಯುತ್ತಿರಲಿಲ್ಲ. ಅದಕ್ಕೇ ನಮ್ಮವರು ಯಾರೂ ಕಣ್ಣಿನ ಸುದ್ದಿ ಬಾಯಿ ಬಿಟ್ಟು ಆಡುವುದಿಲ್ಲ. ಆ ರೂಢಿ ಇಬ್ಬರಿಗೂ ಹೋಗಿರಲಿಲ್ಲ. ಅವಳ ಮನೆಯಲ್ಲಿ ಸೊಸೆ ಇದ್ದಾಳೆ, ಅವಳು ಒಂಟಿಯಲ್ಲ, ಕಾಯಿದೆ ಅವಳ ತಲೆಗೆ ಟೊಪ್ಪಿಗೆ ಹಾಕುವುದಿಲ್ಲ.

ಆಸರೆ ಮನೆಗೆ ಹೋಗುತ್ತೇನೆ ಎಂದು ನಾನು ಅವಳಿಗೆ ಹೇಳಲಿಲ್ಲ. ಹೇಳಿದ್ದರೆ ಮರುದಿನ ಸೈರನ್ ಕೂಗಿದಾಗ ಅವಳು ಯಾಕೆ ಏಳಬೇಕು, ಯಾಕೆ ಸೆರಗು ಸರಿ ಮಾಡಿಕೊಳ್ಳಬೇಕು?

ಈಗ ನಾನು ಆಸರೆ ಮನೆಯಲ್ಲಿದ್ದೇನೆ. ಅನ್ನ ಹೊತ್ತಿಗೆ ಬರುತ್ತದೆ, ಅವರು ಹೇಳಿದ್ದು ಸುಳ್ಳಲ್ಲ. ಹಾಸಿಗೆ ಎಷ್ಟು ಮೆತ್ತಗಿದೆ ಎಂದರೆ ಬೆಳಗ್ಗೆ ನನ್ನನ್ನು ಹುಡುಕಿ ತೆಗೆಯಬೇಕು. ಇಲ್ಲಿ ಎಲ್ಲರೂ ಗೆರೆಯ ಕೆಳಗಿನವರು. ಮೆಟ್ಟಿಲ ಅಂಚಿಗೆಲ್ಲ ಹಳದಿ ಬಳಿದಿದ್ದಾರೆ, ತಟ್ಟೆ ಕರಿ, ಅನ್ನ ಬಿಳಿ. ಯಾರೂ ಎಡವುವುದಿಲ್ಲ. ಯಾರೂ ಯಾರನ್ನೂ ಅಷ್ಟಾಗಿ ಮಾತಾಡಿಸುವುದೂ ಇಲ್ಲ.

ಸೈರನ್ ಇಲ್ಲಿಯವರೆಗೆ ಕೇಳುವುದಿಲ್ಲ. ಬಿಟ್ಟು ಹೋಗುವಾಗ ರೇಷ್ಮಾ ನನ್ನ ಕೈಗೆ ಒಂದು ಪಟ್ಟಿ ಕಟ್ಟಿ ಹೋದಳು. ಅಲ್ಲಿ ಪಾಳಿ ಬದಲಾಗುವ ಹೊತ್ತಿಗೆ ಅದು ಮಣಿಕಟ್ಟಿನ ಮೇಲೆ ಗುರುಗುಟ್ಟುತ್ತದೆ. ಆಗ ಮಾಳಿಗೆಯ ಮೇಲೆ ಹೋಗಿ ಹಾಲ್ಗುಂಡಿ ಯಾವ ದಿಕ್ಕಿಗಿದೆ ಎಂದು ಅವಳು ತೋರಿಸಿಕೊಟ್ಟಿದ್ದಳೋ ಆ ದಿಕ್ಕಿಗೆ ನಿಲ್ಲುತ್ತೇನೆ. ನಡುವೆ ಬಸ್ಸಿನ ಅರ್ಧ ದಿನದ ದಾರಿ ಇದೆ. ಕಾಣುವುದಿಲ್ಲ. ಎದುರಿಗಿದ್ದಾಗ ಮಾತ್ರ ಕಾಣುತ್ತಿತ್ತೇ?

ಕೆಲವು ದಿನ ಒಬ್ಬಳೇ ನಿಂತೆ. ಆಮೇಲೆ ಪಕ್ಕದ ಮಂಚದ ಸಿದ್ಲಿಂಗವ್ವ ಗೋಡೆ ಸವರುತ್ತ ಮೇಲೆ ಬಂದಳು.

"ಯಾರ ಕೂಡ ಮಾತಾಡಾಕತ್ತಿ?"

"ನಮ್ಮ ಫಕೀರಿ ಕೂಡ."

"ಏನಂತಾಳ?"

"ರೊಟ್ಟಿ, ಬದನಿಕಾಯಿ ಪಲ್ಯ ಉಂಡಾಳಂತ. ಎಂಟ ರೊಟ್ಟಿ. ಹೊಟ್ಟಿ ಹರಿಯಾಕತ್ತೈತಂತ."

ಸಿದ್ಲಿಂಗವ್ವ ಆ ದಿಕ್ಕಿಗೆ ಮುಖ ಮಾಡಿ ನಿಂತಳು. ಗಾಳಿ ಬೀಸುತ್ತಿತ್ತು.

"ನಮ್ಮ ತಂಗಿ ಅದ ಕಡೀಗೆ ಇರತಾಳ," ಎಂದಳು. "ಆಕಿ ಕಾಣತಾಳೇನ ನೋಡು."

ನಾನು ಹಣೆಗೆ ಕೈ ಅಡ್ಡ ಹಿಡಿದು, ಕಣ್ಣು ಸಣ್ಣದು ಮಾಡಿ ನೋಡಿದೆ. ಮುಂದೆಲ್ಲ ಬೂದಿ. ಬಾಯಿಯ ಒಳಗೆ ನಾಲಿಗೆ ತಾಳ ಹಿಡಿದಿತ್ತು, ನಾನು ಅದನ್ನು ತಡೆಯಲಿಲ್ಲ.

"ಕಾಣತಾಳ," ಎಂದೆ. "ಊಟ ಆತೇನು ಅಂತ ಕೇಳಾಕತ್ತಾಳ. ಬೆರಳ ಬಾಯಿಗೆ ತಾ. ಹಾಂ, ಹಂಗ. ಈಗ ಅಂಗೈ ಮ್ಯಾಲ ಮಾಡು."